ಹಳೆಯ ಬಣ್ಣ ಬರಲಿ, ಹಳೆಯ ಬಿಟ್ಟಿ ಬೇಡ

ಬಿಕ್ಕೋಡಿನಿಂದ ಬೇಲೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕುಳಿತರೆ ನಾಡಿನ ಸಕಲ ಸಮಾಚಾರವೂ ಕಿವಿಗೆ ಬೀಳುತ್ತದೆ. ಕಾಫಿಯ ಧಾರಣೆ, ಆನೆಯ ಹಾವಳಿ, ಮಗಳ ಮದುವೆಯ ಸಾಲ, ಮಗನ ಕಾಲೇಜಿನ ಶುಲ್ಕ. ಈಚೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ. ಬೇಲೂರು ಹಳೇಬೀಡುಗಳಿಗೆ ಈಗ ಲೋಕದ ಮನ್ನಣೆ ಸಿಕ್ಕಿದೆಯಲ್ಲ, ಇನ್ನು ಮೇಲೆ ಗುಡಿಯ ಸುತ್ತಲ ಬೀದಿಗಳಿಗೆಲ್ಲ ಒಂದೇ ಹಳೆಯ ಬಣ್ಣ ಬಳಿಸಬೇಕು, ಕಂಡ ಕಂಡ ಬಣ್ಣದ ಅಂಗಡಿಗಳು ಕಣ್ಣಿಗೆ ಚುಚ್ಚುತ್ತವೆ, ಜೈಪುರದವರನ್ನು ನೋಡಿ ಕಲಿಯಬೇಕು ಎಂದು ಮುಂದಿನ ಸೀಟಿನ ಮಹನೀಯರು ಹೇಳುತ್ತಾರೆ. ಹಿಂದಿನ ಸೀಟಿನಲ್ಲಿ ಬಕೆಟ್ಟು ಬ್ರಷ್ಷು ಹಿಡಿದು ಕುಳಿತ ಬಣ್ಣ ಬಳಿಯುವ ಹುಡುಗರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಕಾಫಿ ಕುಯ್ಲು ಮುಗಿದ ಮೇಲೆ ಏಣಿ ಹತ್ತಿ ಹೊಟ್ಟೆ ಹೊರೆಯುವ ಹುಡುಗರು ಇವರು. ಬಣ್ಣದ ಮಾತು ಬಂದಾಗ ಬಣ್ಣ ಬಳಿಯುವವನನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅವರು ಕೇಳದಿದ್ದರೆ ಬೇಡ, ನಾವು ಹೇಳುತ್ತೇವೆ. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ, ಈ ಮೂರು ದೇವಾಲಯಗಳು 2023ರ ಸೆಪ್ಟೆಂಬರ್ 18ರಂದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಪಟ್ಟಿಗೆ ಸೇರಿದ್ದು ಗುಡಿ. ಗುಡಿಯ ಸುತ್ತ ಬಾಳುವ ಜನ ಯಾವ ಪಟ್ಟಿಗೂ ಸೇರಲಿಲ್ಲ. ಎಲೆ ಅಡಿಕೆ ಮಾರುವವನು, ಸೈಕಲ್ ರಿಪೇರಿಯವನು, ಹಿಂದಿನ ಓಣಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿರುವ ಮಿಲ್ಲಿನ ಕೆಲಸಗಾರ, ಇವರ ಗೋಡೆಗೆ ಯಾವ ಬಣ್ಣ ಬೀಳಬೇಕೆಂಬ ಚರ್ಚೆ ಇವರಿಲ್ಲದ ಕಡೆ ನಡೆಯುತ್ತದೆಂದರೆ ಸುಮ್ಮನಿರುವುದು ಸರಿಯಲ್ಲ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ನಾವು ಹಳೆಯ ಬಣ್ಣದ ವಿರೋಧಿಗಳಲ್ಲ. ಮನುಷ್ಯನಿಗೆ ಮುಖವಿರುವಂತೆ ಊರಿಗೂ ಒಂದು ಮುಖವಿದೆ. ಸುಣ್ಣದ ಬಿಳುಪು, ಕೆಮ್ಮಣ್ಣಿನ ಪಟ್ಟೆ, ಬಾಗಿಲ ಚೌಕಟ್ಟಿನ ಸುತ್ತ ನೀಲಿಯ ಗೆರೆ, ಮೇಲೆ ಕೆಂಪು ಹೆಂಚು, ಜಗುಲಿಯ ಮೇಲೆ ಕೂತ ಮುದುಕ. ಇದು ನಮ್ಮ ಊರುಗಳ ಮುಖ. ಈ ಮುಖವನ್ನು ಪ್ಲಾಸ್ಟಿಕ್ ಬೋರ್ಡುಗಳೂ ಪೇಂಟಿನ ಜಾಹೀರಾತುಗಳೂ ಮುಚ್ಚಿಹಾಕಿರುವುದನ್ನು ಕಂಡು ನಮಗೂ ನೋವಿದೆ. ಆ ಮುಖ ಮತ್ತೆ ಕಾಣಲಿ ಎಂಬ ಆಸೆ ಶ್ರೀಮಂತ ಪ್ರವಾಸಿಗನ ಆಸ್ತಿಯಲ್ಲ, ಅದು ದುಡಿಯುವ ಜನರ ಆಸೆಯೂ ಹೌದು. ಆದರೆ ನಾವು ಮೂರು ಪ್ರಶ್ನೆ ಕೇಳುತ್ತೇವೆ. ಯಾವ ಕಾಲದ ಬಣ್ಣ? ಯಾವುದರಿಂದ ಮಾಡಿದ ಬಣ್ಣ? ಯಾರ ದುಡ್ಡಿನ ಬಣ್ಣ? ಈ ಮೂರಕ್ಕೆ ನೆಟ್ಟಗೆ ಉತ್ತರ ಕೊಡದೆ ಕುಂಚ ಹಿಡಿಯುವವನು ಊರನ್ನು ಉದ್ಧಾರ ಮಾಡುವುದಿಲ್ಲ, ಊರಿಗೆ ವೇಷ ಹಾಕುತ್ತಾನೆ.

ಮೊದಲನೆಯ ಪ್ರಶ್ನೆ, ಯಾವ ಕಾಲದ ಬಣ್ಣ?

ಎಲ್ಲರೂ ಹೆಸರು ಹೇಳುವ ಜೈಪುರವನ್ನೇ ತೆಗೆದುಕೊಳ್ಳೋಣ. ಆ ಊರು ಹುಟ್ಟಿದ್ದು 1727ರಲ್ಲಿ. ಅದಕ್ಕೆ ಇಂದಿನ ಗುಲಾಬಿ ಬಣ್ಣ ಬಿದ್ದದ್ದು 1876ರಲ್ಲಿ, ಇಂಗ್ಲೆಂಡಿನ ಯುವರಾಜ ಬರುತ್ತಾನೆಂದು ಅಲ್ಲಿಯ ಮಹಾರಾಜ ರಾಮಸಿಂಗರು ಊರಿಗೆಲ್ಲ ಬಳಿಸಿದರು ಎಂದು ಹೇಳುತ್ತಾರೆ. ಅನಾದಿ ಕಾಲದ್ದೆಂದು ನಾವು ಕೈಮುಗಿಯುವ ಬಣ್ಣ ಒಬ್ಬ ದೊರೆಮಗನ ಸ್ವಾಗತಕ್ಕೆ ಹಾಕಿದ ತೋರಣ! ಬಣ್ಣ ಚೆನ್ನಾಗಿಲ್ಲವೆಂದು ನಾವು ಹೇಳುವುದಿಲ್ಲ. ಆ ಊರಿನ ಕೋಟೆಯೊಳಗಿನ ಪೇಟೆ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆದರೆ ದೊರೆ ಬರುತ್ತಾನೆಂದು ಊರಿಗೆ ಬಣ್ಣ ಹೊಡೆಸುವ ಚಾಳಿ ನಮಗೇನು ಹೊಸದೆ? ಮಂತ್ರಿ ಬರುತ್ತಾರೆಂದರೆ ಸಾಕು, ರಸ್ತೆಯ ಗುಂಡಿ ಹಾಗೇ ಇರುತ್ತದೆ, ರಸ್ತೆಯಂಚಿನ ಕಲ್ಲುಗಳು ಮಾತ್ರ ಬೆಳಗಾಗುವುದರೊಳಗೆ ಸುಣ್ಣ ಕಾಣುತ್ತವೆ.

ಇನ್ನು ನಮ್ಮ ಬೇಲೂರಿಗೆ ಬರೋಣ. ವಿಷ್ಣುವರ್ಧನನ ಕಾಲದ ಗುಡಿ 1117ರದು. ಅದರ ಕಲ್ಲು ಬಳಪದ ಕಲ್ಲು. ಮಗು ಸ್ಲೇಟಿನ ಮೇಲೆ ಅ ಆ ಇ ಈ ಬರೆಯುವ ಬಳಪದ ಜಾತಿಯದೇ. ಗಣಿಯಿಂದ ತೆಗೆದಾಗ ಮೆದು, ಗಾಳಿ ಬಿಸಿಲು ತಾಗಿದಂತೆ ಗಟ್ಟಿ. ಹಸಿರು ಬೆರೆತ ಬೂದು ಅದರ ಬಣ್ಣ. ಆದರೆ ಅದೇ ಗುಡಿಯ ಮಹಾದ್ವಾರದ ಗೋಪುರ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಮತ್ತೆ ಕಟ್ಟಿಸಿದ್ದು. ಅದರ ಮೇಲ್ಭಾಗ ಇಟ್ಟಿಗೆ ಗಾರೆಯದು, ಬಣ್ಣವೂ ಬೇರೆ. ಒಂದೇ ಅಂಗಳದಲ್ಲಿ ಎರಡು ಕಾಲ, ಎರಡು ಬಣ್ಣ. ದೇವರಿಗೇ ಒಂದು ಬಣ್ಣ ಸಾಕಾಗದಿರುವಾಗ ಬೀದಿಯ ಜನಕ್ಕೆಲ್ಲ ಒಂದೇ ಬಣ್ಣವೆಂದು ಹೇಳಲು ಇವರಾರು?

ಮಿಲ್ಲಿನ ಸಂಗಾತಿಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಮಲೆನಾಡಿನ ಊರುಗಳ ಹಳೆಯ ಚಿತ್ರವೆಂದರೆ ಎಲ್ಲರೂ ಕೆಂಪು ಹೆಂಚಿನ ಸಾಲು ಬರೆಯುತ್ತಾರೆ. ಆ ಕೆಂಪು ಎಲ್ಲಿಂದ ಬಂತು? ಅದಕ್ಕೂ ಮೊದಲು ಬಡವನ ಮನೆಗೆ ಹುಲ್ಲು, ಸ್ವಲ್ಪ ಅನುಕೂಲಸ್ಥನ ಮನೆಗೆ ಕುಂಬಾರ ಕೈಯಲ್ಲಿ ತಟ್ಟಿದ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಒಂದೇ ಅಚ್ಚಿನ ಕೆಂಪು ಹೆಂಚು ಗಾಡಿಯೇರಿ ಘಟ್ಟ ಹತ್ತಿತು. ನಾವು ಪರಂಪರೆಯೆಂದು ಕೊಂಡಾಡುವ ಬಣ್ಣ ಮಿಲ್ಲಿನ ಕೆಲಸಗಾರ ಜೇಡಿ ಕಲಸಿ, ಒತ್ತಿ, ಸುಟ್ಟು ಕೊಟ್ಟದ್ದು. ಆದ್ದರಿಂದ ಪರಂಪರೆಯೆಂಬುದು ಅರಮನೆಯಿಂದ ಇಳಿದು ಬಂದದ್ದು, ದುಡಿಯುವವನಿಗೆ ಅದರಲ್ಲಿ ಪಾಲಿಲ್ಲ ಎಂಬ ಭ್ರಮೆಯನ್ನು ಬಿಡಿ. ಅದು ಕೂಡ ನಿಮ್ಮ ಬೆವರಿನದೇ.

ಹಾಗಾದರೆ ಸರಿಯಾದ ಹಳೆಯ ಬಣ್ಣವನ್ನು ತಿಳಿಯುವುದು ಹೇಗೆ? ದಾರಿ ಇದೆ. ಇಟಲಿಯಲ್ಲಿ ಟ್ಯೂರಿನ್ ಎಂಬ ಊರಿದೆ. ಫಿಯಟ್ ಮೋಟಾರು ಕಾರ್ಖಾನೆಯ ಲಕ್ಷಾಂತರ ಕಾರ್ಮಿಕರ ದುಡಿಮೆಯಿಂದ ಬೆಳೆದ ಊರು. ಅದಕ್ಕೆ ಹಳದಿಯ ಊರೆಂದೇ ಹೆಸರಾಗಿತ್ತು. 1978ರಿಂದೀಚೆಗೆ ಅಲ್ಲಿ ಹಳೆಯ ಬಣ್ಣಗಳನ್ನು ಮರಳಿ ತರುವ ಯೋಜನೆ ಹಿಡಿದಾಗ ಜೊವಾನ್ನಿ ಬ್ರೀನೊ ಎಂಬ ವಾಸ್ತುಶಿಲ್ಪಿಯೂ ಜೊತೆಗಾರರೂ ಮೊದಲು ಕುಂಚ ಹಿಡಿಯಲಿಲ್ಲ, ದಫ್ತರ ಹಿಡಿದರು. 19ನೆಯ ಶತಮಾನದ ಆರಂಭದ ಪುರಸಭೆಯ ಕಾಗದಪತ್ರ ತೆಗೆದು ನೋಡಿದರೆ, ಊರು ಒಂದೇ ಹಳದಿಯದಾಗಿರಲಿಲ್ಲ! ಬೀದಿಗೊಂದು ಚೌಕಕ್ಕೊಂದು ಎಂಬಂತೆ ನಾನಾ ಬಣ್ಣಗಳಿದ್ದವು. ಒಂದೇ ಬಣ್ಣ ಎಂಬುದು ಹಳೆಯದನ್ನು ಮರೆತವರ ಕಲ್ಪನೆ. ನಮ್ಮಲ್ಲಿ ಅಂಥ ದಫ್ತರ ಸಿಗದಿದ್ದರೂ ಗೋಡೆಯೇ ದಫ್ತರ. ಹಳೆಯ ಗೋಡೆಯ ಮೂಲೆಯನ್ನು ಅಂಗೈ ಅಗಲ ನಿಧಾನವಾಗಿ ಕೆರೆದರೆ ಪದರದ ಕೆಳಗೆ ಪದರ, ಯುಗಾದಿಯ ಕೆಳಗೆ ಯುಗಾದಿ ಕಾಣುತ್ತದೆ. ಅದನ್ನು ಓದಬಲ್ಲವನು ಊರಿನ ಮುದಿ ಗಾರೆ ಕೆಲಸದವನು. ಅವನನ್ನು ಕರೆಸಿ ಕೇಳಬೇಕು.

ಎರಡನೆಯ ಪ್ರಶ್ನೆ, ಯಾವುದರಿಂದ ಮಾಡಿದ ಬಣ್ಣ?

ಇಂದು ಹಳೆಯ ಬಣ್ಣವೆಂದರೆ ಕಂಪನಿಯ ಡಬ್ಬಿ. ಬಣ್ಣದ ಚೀಟಿ ನೋಡಿ ಇದು ಪುರಾತನ ಕೆಂಪು, ಇದು ಪಾರಂಪರಿಕ ಕೆನೆ ಎಂದು ಬೆರಳಿಟ್ಟು ತೋರಿಸಿದರೆ ಯಂತ್ರ ಕಲಸಿ ಕೊಡುತ್ತದೆ. ನೋಡಲು ಹಳೆಯದು, ಒಳಗೆ ಪ್ಲಾಸ್ಟಿಕ್ಕು. ನಮ್ಮ ಹಿರಿಯರ ಬಣ್ಣ ಹೀಗಿರಲಿಲ್ಲ. ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿ ಸೌದೆ ಇದ್ದಿಲುಗಳ ನಡುವೆ ಪೇರಿಸಿ ಸುಮಾರು 900 ಡಿಗ್ರಿಯ ಕಾವಿನಲ್ಲಿ ಸುಡಬೇಕು. ಸುಟ್ಟ ಕಲ್ಲಿಗೆ ನೀರೆರೆದರೆ ಬುಸುಗುಟ್ಟಿ ಅರಳುತ್ತದೆ. ಅರಳಿದ ಸುಣ್ಣವನ್ನು ನೆನೆಹಾಕಿ, ಸೋಸಿ, ಅಂಟು ಬೆರೆಸಿ ನಾರಿನ ಕುಂಚದಲ್ಲಿ ಬಳಿಯಬೇಕು. ಕೆಂಪು ಬೇಕಾದರೆ ಕೆಮ್ಮಣ್ಣು, ಜಾಜು. ತಂಪಾದ ಬಿಳುಪು ಬೇಕಾದರೆ ಚಿಟಿಕೆ ನೀಲಿ. ಕಟ್ಟುವ ಗಾರೆಯಾದರೆ ಸುಣ್ಣ ಮರಳುಗಳನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಬೆಲ್ಲ ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಬಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಅನಿಲವನ್ನು ಹೀರಿ ಮೆಲ್ಲಗೆ ಮತ್ತೆ ಕಲ್ಲಾಗುತ್ತದೆ. ಕಲ್ಲಿನಿಂದ ಬಂದದ್ದು ಗೋಡೆಯ ಮೇಲೆ ಮರಳಿ ಕಲ್ಲಾಗಿ ನಿಲ್ಲುತ್ತದೆ. ಇದು ಮಂತ್ರವಲ್ಲ, ಕೂಲಿಯವನು ಕೈಯಿಂದ ಕಲಿತ ರಸಾಯನಶಾಸ್ತ್ರ.

ಈ ಬಣ್ಣಕ್ಕೆ ಇನ್ನೊಂದು ಗುಣವಿತ್ತು. ಅದು ಅಗ್ಗ. ಯುಗಾದಿ ಬಂತು, ತೇರು ಬಂತು ಎಂದರೆ ಮನೆಯ ಹೆಂಗಸರೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಗೋಡೆಗೆ ಸುಣ್ಣ ಬಳಿದು ಮುಗಿಸುತ್ತಿದ್ದರು. ಗೌಡರ ಮನೆಯ ಸುಣ್ಣವೂ ಆಳಿನ ಮನೆಯ ಸುಣ್ಣವೂ ಒಂದೇ ಬಿಳುಪು. ಅಂದಿನ ಸಮಾಜದಲ್ಲಿ ಸಮಾನತೆ ಇತ್ತೆಂದು ನಾವು ಹೇಳುತ್ತಿಲ್ಲ. ಸುಣ್ಣ ಸುಡುವವನ ಕಣ್ಣು ಹೋಗುತ್ತಿತ್ತು, ಅರಳಿಸುವವಳ ಕೈ ಬಿರಿಯುತ್ತಿತ್ತು, ಕೂಲಿ ಕೇಳಿದರೆ ಗದರಿಕೆ ಸಿಗುತ್ತಿತ್ತು. ಅದನ್ನು ಮರೆತು ಹಿಂದಿನ ಕಾಲವೇ ಚಂದವೆಂದು ಹಾಡುವ ಜಾತಿಯವರು ನಾವಲ್ಲ. ಆದರೆ ವಸ್ತು ನೆಲದ್ದಾಗಿತ್ತು, ವಿದ್ಯೆ ಊರಿನದಾಗಿತ್ತು. ಇಂದು ಎರಡೂ ಡಬ್ಬಿಯ ಕಂಪನಿಯ ಕೈಗೆ ಹೋಗಿವೆ. ಕರಾವಳಿಯಲ್ಲಿ ಬಿಳಿಯ ಗಾರೆಯ ಮೇಲೆ ಕೆಮ್ಮಣ್ಣು ಬಳಿದು ಕೊರೆದು ಚಿತ್ರ ಬಿಡಿಸುವ ಕಾವಿ ಕಲೆ ಎಂಬುದಿತ್ತು. ಉತ್ತರ ಕನ್ನಡದ ಹಲವು ಗುಡಿಗಳಲ್ಲಿ ಅದರ ಉಳಿಕೆಗಳಿವೆ. ಜೀರ್ಣೋದ್ಧಾರವೆಂದು ಗೋಡೆಗೆ ಟೈಲ್ಸು ಪೇಂಟು ಹತ್ತಿಸಿ ಅದನ್ನು ಎಷ್ಟೋ ಕಡೆ ಅಳಿಸಿಹಾಕಿದರು. ಉದ್ಧಾರದ ಹೆಸರಿನಲ್ಲಿ ಊರಿನ ವಿದ್ಯೆಯನ್ನು ಹೂಳುವುದೆಂದರೆ ಇದೇ.

ಇದು ಬರೀ ಅಂದದ ಮಾತಲ್ಲ, ಗೋಡೆಯ ಆಯಸ್ಸಿನ ಮಾತು. ನಾವು ಪಾಠ ಹೇಳುತ್ತಿದ್ದ ಒಂದು ಶಾಲೆಯ ಕತೆ ಕೇಳಿ. ಊರಿನ ಹೆಸರು ಬೇಡ. ಗೇಣುಗಟ್ಟಲೆ ದಪ್ಪದ ಮಣ್ಣು ಗಾರೆಯ ಗೋಡೆಗಳು, ವರ್ಷಕ್ಕೊಮ್ಮೆ ಸುಣ್ಣ ಕಂಡು ಎಷ್ಟೋ ಮಳೆಗಾಲಗಳನ್ನು ತಡೆದಿದ್ದವು. ಒಂದು ವರ್ಷ ಸಮಾರಂಭವೆಂದು ಗುತ್ತಿಗೆದಾರನೊಬ್ಬ ಬಂದು ಹೊಳೆಯುವ ಪ್ಲಾಸ್ಟಿಕ್ ಬಣ್ಣ ಬಳಿಸಿದ. ಫೋಟೋ ತೆಗೆದರು, ಹಾರ ಹಾಕಿದರು. ಮುಂದಿನ ಮಳೆಗಾಲದಲ್ಲಿ ಗೋಡೆಯ ಮೈತುಂಬ ಗುಳ್ಳೆ ಎದ್ದವು. ಎರಡನೆಯ ಮಳೆಗಾಲಕ್ಕೆ ಮಕ್ಕಳು ಬಣ್ಣವನ್ನು ಹಪ್ಪಳದಂತೆ ಕಿತ್ತು ಆಡುತ್ತಿದ್ದರು, ಅದರ ಹಿಂದೆ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು. ಮಗ್ಗಿ ಹೇಳಿಸುತ್ತಿದ್ದಾಗ ಕೈಯಗಲದ ಗಾರೆ ಒಂದು ಮಗುವಿನ ಸ್ಲೇಟಿನ ಮೇಲೆಯೇ ಬಿತ್ತು. ನಾವು ಮಕ್ಕಳನ್ನು ಹೊರಗೆ ಮರದ ಕೆಳಗೆ ಕೂರಿಸಿದೆವು. ಬಿಲ್ಲು ಮಾತ್ರ ಮೊದಲ ವರ್ಷವೇ ಪಾಸಾಗಿತ್ತು.

ಊರಿನ ಒಬ್ಬ ಮುದಿ ಗಾರೆ ಕೆಲಸದವರನ್ನು ಕರೆಸಿ ತೋರಿಸಿದೆವು. ಅವರು ಗೋಡೆಯನ್ನು ತಟ್ಟಿ ನೋಡಿ, "ಮೇಷ್ಟ್ರೇ, ಗೋಡೆಗೂ ಉಸಿರಾಡ್ಬೇಕು. ಮೂಗಿಗೆ ಬಟ್ಟೆ ತುರುಕಿದ್ರೆ ಯಾರು ಬದುಕ್ತಾರೆ?" ಎಂದರು. ವಿಜ್ಞಾನವೂ ಹೇಳುವುದು ಇದನ್ನೇ. ಮಣ್ಣು, ಇಟ್ಟಿಗೆ, ಗಾರೆಯ ಗೋಡೆ ನೆಲದಿಂದಲೂ ಮಳೆಯಿಂದಲೂ ತೇವ ಹೀರುತ್ತದೆ, ಸುಣ್ಣದ ಪದರದ ಮೂಲಕ ಅದನ್ನು ಹೊರಗೆ ಬಿಡುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ ಬಿದ್ದರೆ ತೇವ ಒಳಗೇ ನಿಂತು, ಉಪ್ಪು ಕಟ್ಟಿ, ಗೋಡೆಯನ್ನು ಒಳಗಿನಿಂದ ತಿನ್ನುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಇಂಥ ಗೋಡೆ ನೋಡಿಯೇ ಹುಟ್ಟಿರಬೇಕು.

ಒಳಗಿನ ಹುಳುಕಿನ ಬೆಲೆ ಏನೆಂದು ಮೈಸೂರಿಗೆ ಗೊತ್ತು. 2012ರ ಆಗಸ್ಟ್ 25ರಂದು ಅಲ್ಲಿಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್ 28ರಂದು, ದುರಸ್ತಿಯ ಕೆಲಸ ನಡೆದಿರುವಾಗಲೇ, ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲಿನ ಭಾಗ ಬಿತ್ತು. ಆ ಮೇಲೆ ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಹೂವು, ಹಣ್ಣು, ಕುಂಕುಮ ಮಾರುವ 800ಕ್ಕೂ ಹೆಚ್ಚು ಮಳಿಗೆಗಳವರು ತಲೆಯ ಮೇಲೆ ಕತ್ತಿ ತೂಗಿದಂತೆ ವ್ಯಾಪಾರ ಮಾಡಿದರು. ಸಣ್ಣ ವ್ಯಾಪಾರಿ ಬಂಧುಗಳೇ, ಇದರ ಪಾಠವಿಷ್ಟೇ. ಊರಿನ ಮುಖಕ್ಕೆ ಬಣ್ಣ ಬಳಿಯುವ ಮುನ್ನ ಊರಿನ ಬೆನ್ನುಮೂಳೆ ಗಟ್ಟಿಯಿದೆಯೇ ಎಂದು ನೋಡಬೇಕು. ಸೋರುವ ಸೂರು, ಬಿರುಕಿನ ಗೋಡೆ, ಕಟ್ಟಿದ ಚರಂಡಿ, ಇವು ಮೊದಲು. ಬಣ್ಣ ಕೊನೆಗೆ.

ಮೂರನೆಯ ಪ್ರಶ್ನೆ, ಯಾರ ದುಡ್ಡು?

ಇಲ್ಲಿಗೆ ಬಂದಾಗ ಮಹನೀಯರ ಮಾತು ತಗ್ಗುತ್ತದೆ. ಅವರವರ ಮನೆಗೆ ಅವರವರೇ ಬಳಿಸಿಕೊಳ್ಳಲಿ, ಪ್ರವಾಸಿಗಳು ಬಂದರೆ ಲಾಭ ಅವರಿಗೇ ತಾನೆ ಎನ್ನುತ್ತಾರೆ. ಲಾಭ ಯಾರಿಗೆಂದು ಲೆಕ್ಕ ಹಾಕೋಣ. ಕಾರಿನಲ್ಲಿ ಬಂದ ಪ್ರವಾಸಿಗ ಗುಡಿ ನೋಡಿ, ದೊಡ್ಡ ಹೋಟೆಲಿನಲ್ಲಿ ಉಂಡು, ಸಂಜೆಗೆ ಚಿಕ್ಕಮಗಳೂರಿನ ಕಡೆಯ ತೋಟದ ಬಂಗಲೆಗೆ ಹೊರಟುಹೋಗುತ್ತಾನೆ. ಸೈಕಲ್ ರಿಪೇರಿಯವನಲ್ಲಿ ಅವನು ಪಂಕ್ಚರ್ ಹಾಕಿಸುವುದಿಲ್ಲ, ಎಲೆ ಅಡಿಕೆಯವನಲ್ಲಿ ಸಾಲ ಹೇಳುವುದಿಲ್ಲ. ಆದರೆ ಬೀದಿ ಚಂದವಾಯಿತೆಂದು ಮಾಲೀಕ ಬಾಡಿಗೆ ಏರಿಸುವುದು ಇವರಿಬ್ಬರಿಗೇ. ಹಿಂದಿನ ಓಣಿಯ ಮಿಲ್ಲಿನ ಕೆಲಸಗಾರ ಕೋಣೆ ಬಿಡಬೇಕಾಗುವುದೂ ಆಗಲೇ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆ ಇದೆ. ಇಲ್ಲಿ ಬಡವನ ದುಡ್ಡು, ಬಂಡವಾಳಗಾರನ ಜಾತ್ರೆ.

ಇವರ ಮೇಲೆ ಈಗಾಗಲೇ ಹೊರೆ ಇಲ್ಲದಿಲ್ಲ. 2010ರಲ್ಲಿ ತಿದ್ದುಪಡಿಯಾದ ಪುರಾತನ ಸ್ಮಾರಕಗಳ ಕಾಯಿದೆಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧದ ವಲಯ, ಅದರಾಚೆ 200 ಮೀಟರ್ ನಿಯಂತ್ರಣದ ವಲಯ. ನಿಷೇಧದ ವಲಯದಲ್ಲಿ ಹೊಸದು ಕಟ್ಟುವಂತಿಲ್ಲ, ಹಳೆಯದರ ದುರಸ್ತಿಗೂ ಅಪ್ಪಣೆ ಬೇಕು. ಮೀರಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಈ ಕಾಯಿದೆ ಬೇಡವೆಂದು ನಾವು ಹೇಳುವುದಿಲ್ಲ. ಅದಿಲ್ಲದಿದ್ದರೆ ದುಡ್ಡಿದ್ದವನು ಗುಡಿಯ ಗೋಡೆಗೇ ಒರಗಿಸಿ ಐದಂತಸ್ತು ಎಬ್ಬಿಸುತ್ತಿದ್ದ. ಆದರೆ ಪರಂಪರೆಗಾಗಿ ಮಗನ ಮದುವೆಗೊಂದು ಕೋಣೆ ಹೆಚ್ಚಿಗೆ ಹಾಕಿಕೊಳ್ಳಲಾಗದೆ ಕೂತವನು ಆಗಲೇ ತನ್ನ ಪಾಲಿನ ತೆರಿಗೆ ಕೊಟ್ಟಿದ್ದಾನೆ. ಅವನ ಮೇಲೆ ಬಣ್ಣದ ತೆರಿಗೆಯನ್ನೂ ಹೊರಿಸುವುದು ಯಾವ ನ್ಯಾಯ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ!

ಪರಂಪರೆಯ ಹೆಸರಿನಲ್ಲಿ ಬಡವರಿಗೆ ಏನಾಗಬಹುದೆಂಬುದಕ್ಕೆ ಹಂಪಿಯೇ ಸಾಕ್ಷಿ. 2011ರ ಜುಲೈ 29ರಂದು ವಿರೂಪಾಕ್ಷನ ಗುಡಿಯ ಮುಂದಿನ ಬಜಾರಿನಲ್ಲಿ ಯಂತ್ರಗಳು ನುಗ್ಗಿ ಸಾಲುಮಂಟಪಗಳಿಗೆ ಸೇರಿಸಿ ಕಟ್ಟಿಕೊಂಡಿದ್ದ ಮನೆ ಅಂಗಡಿಗಳನ್ನು ಕೆಡವಿದವು. 300ಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಕಲ್ಲಿನ ಮಂಟಪದೊಳಗೆ ಗೋಡೆ ಎಬ್ಬಿಸಿದ್ದು ಸರಿಯೆಂದು ನಾವು ವಾದಿಸುವುದಿಲ್ಲ. ಆದರೆ ತಲೆಮಾರಿನಿಂದ ಬಾಳಿದ ಜನರನ್ನು ಕಸ ಗುಡಿಸಿದಂತೆ ಗುಡಿಸಿದ್ದು ಸರಿಯೆಂದು ಯಾರು ಹೇಳಬಲ್ಲರು? ಬಜಾರೆಂದರೆ ಕಂಬಗಳ ಸಾಲಲ್ಲ, ಕೊಡುವ ಕೊಳ್ಳುವ ಜನ. ಜನರನ್ನು ಅಟ್ಟಿ ಉಳಿಸಿದ ಬಜಾರು ಪ್ರದರ್ಶನದ ಪೆಟ್ಟಿಗೆಯಾಗುತ್ತದೆ, ಊರಾಗುವುದಿಲ್ಲ.

ಬೇರೆ ದಾರಿ ಇಲ್ಲವೆ? ಇದೆ. ಇಟಲಿಯ ಇನ್ನೊಂದು ಊರು ಬೊಲೊನ್ಯಾ. ಅಲ್ಲಿಯ ಎಡಪಂಥದ ಪುರಸಭೆ 1970ರ ದಶಕದಲ್ಲಿ ಹಳೆಯ ಊರಿನ ಮಧ್ಯಭಾಗವನ್ನು ಉಳಿಸಲು ಹೊರಟಾಗ ಒಂದು ತತ್ತ್ವ ಹಿಡಿಯಿತು. ಕಟ್ಟಡದ ಜೊತೆಗೆ ಅದರೊಳಗಿನ ಜನರನ್ನೂ ಉಳಿಸಬೇಕು ಎಂಬುದೇ ಆ ತತ್ತ್ವ. ಜನರಿಗೆ ವಸತಿ ಕಟ್ಟಿಸಲೆಂದಿದ್ದ ಸಾರ್ವಜನಿಕ ಹಣವನ್ನು ಊರಾಚೆ ಹೊಸ ಬಡಾವಣೆಗೆ ಸುರಿಯುವ ಬದಲು ಹಳೆಯ ಮನೆಗಳ ದುರಸ್ತಿಗೆ ಹಾಕಿತು. ಅಲ್ಲಿದ್ದ ಕೆಲಸಗಾರರೂ ಕಸುಬುದಾರರೂ ತಮ್ಮ ಬೀದಿಗೇ ಮರಳಲಿ ಎಂಬುದು ಅದರ ಗುರಿ. ಅಲ್ಲಿ ಎಲ್ಲವೂ ಅಂದುಕೊಂಡಂತೆ ನಡೆಯಿತೆಂದು ನಾವು ಹೇಳುವುದಿಲ್ಲ, ಆದರೆ ತತ್ತ್ವ ಸರಿಯಾದದ್ದು. ಉಳುವವನಿಗೆ ಹೊಲವೆಂದು 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತ ನಾಡು ಇದು. ಬಾಳುವವನಿಗೆ ಬೀದಿ ಎಂದು ಹೇಳಲು ನಾವು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಇತರರ ತಪ್ಪು ಹೇಳುವಾಗ ನಮ್ಮದನ್ನು ಮುಚ್ಚಿಡಬಾರದು. ಚುನಾವಣೆ ಬಂದಾಗ ಹಳೆಯ ಸುಣ್ಣದ ಗೋಡೆಗಳ ಮೇಲೆ ಎಣ್ಣೆ ಬಣ್ಣದಲ್ಲಿ ಘೋಷಣೆ ಬರೆದವರಲ್ಲಿ ನಾವೂ ಇದ್ದೇವೆ. ಪುಕ್ಕಟೆಯಾಗಿ ಬಳಿದುಕೊಡುತ್ತಾರೆಂದು ಇಡೀ ಅಂಗಡಿಯ ಮುಖವನ್ನೇ ಪೇಂಟು, ಸಿಮೆಂಟು, ಮೊಬೈಲು ಕಂಪನಿಗಳ ಜಾಹೀರಾತಿಗೆ ಬಿಟ್ಟುಕೊಟ್ಟವರಲ್ಲಿ ವ್ಯಾಪಾರಿ ಬಂಧುಗಳೂ ಇದ್ದಾರೆ. ಕಂಪನಿಯ ಬಣ್ಣ ಪುಕ್ಕಟೆಯಲ್ಲ. ಬೀದಿಯ ಮುಖವೇ ಅದರ ಬೆಲೆ. ಇನ್ನು ಮೇಲೆ ಯಾವ ಹಳೆಯ ಗೋಡೆಯ ಮೇಲೂ ಘೋಷಣೆ ಬರೆಯಬಾರದೆಂದು ನಮ್ಮ ಕಾರ್ಯಕರ್ತರಿಗೆ ಈ ಮೂಲಕ ಹೇಳುತ್ತಿದ್ದೇವೆ. ನಾವು ಕೈ ತೊಳೆದುಕೊಂಡ ಮೇಲೆ ತಾನೆ ಇನ್ನೊಬ್ಬರ ಕೈಯ ಕೊಳೆ ತೋರಿಸುವುದು!

ಆದ್ದರಿಂದ ನಮ್ಮ ಬೇಡಿಕೆಗಳು ಇವು.

1. ಬಣ್ಣದ ಬಗ್ಗೆ ಯಾವ ನಿಯಮ ಮಾಡುವ ಮುನ್ನವೂ ಬೇಲೂರು ಹಳೇಬೀಡುಗಳ ಬೀದಿ ಬೀದಿಯಲ್ಲಿ ಸಭೆ ಕರೆಯಬೇಕು. ಬಾಡಿಗೆದಾರರಿಗೂ ಅಲ್ಲಿ ಬಾಯಿರಬೇಕು. ಹಳೆಯ ಗೋಡೆಗಳ ಪದರ ನೋಡಿ, ಹಿರಿಯ ಕಸುಬುದಾರರನ್ನು ಕೇಳಿ, ಮನೆ ಮನೆಯ ಬಣ್ಣವನ್ನು ಬರೆದಿಡಬೇಕು.

2. ಮಣ್ಣು ಗಾರೆಯ ಗೋಡೆಗೆ ಸುಣ್ಣವನ್ನೇ ಬಳಿಯಬೇಕು. ಅದಕ್ಕೂ ಮೊದಲು ಸೂರು, ಬಿರುಕು, ಚರಂಡಿಗಳ ದುರಸ್ತಿಯಾಗಬೇಕು.

3. ಸಣ್ಣ ಮನೆ ಸಣ್ಣ ಅಂಗಡಿಗಳ ಖರ್ಚೆಲ್ಲ ಸರ್ಕಾರದ್ದು. ದೊಡ್ಡ ಹೋಟೆಲು, ದೊಡ್ಡ ಮಳಿಗೆಯವರು ತಮ್ಮ ಕೈಯಿಂದ ಕೊಡಲಿ. ಬಳಿಸಲಾಗದ ಬಡವನಿಗೆ ದಂಡ ಹಾಕಕೂಡದು.

4. ಸಾರ್ವಜನಿಕ ಹಣದಿಂದ ದುರಸ್ತಿಯಾದ ಮನೆ ಅಂಗಡಿಗಳಲ್ಲಿ ಐದು ವರ್ಷ ಬಾಡಿಗೆ ಏರಿಸಕೂಡದು, ಯಾರನ್ನೂ ಬಿಡಿಸಕೂಡದು.

5. ಕೆಲಸ ಈ ತಾಲ್ಲೂಕಿನ ಗಾರೆಯವರಿಗೂ ಬಣ್ಣದವರಿಗೂ ಸಿಗಬೇಕು, ಹೊರಗಿನ ಗುತ್ತಿಗೆದಾರನಿಗಲ್ಲ. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಸುಣ್ಣದ ಕೆಲಸಕ್ಕೆ ಕನ್ನಡಕ, ಕೈಗವಸು. ಪ್ರತಿಯೊಬ್ಬರ ಹೆಸರೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ದಾಖಲಾಗಬೇಕು.

6. ಸುಣ್ಣ ಸುಡುವ, ಗಾರೆ ಅರೆಯುವ ವಿದ್ಯೆ ಬಲ್ಲ ಹಿರಿಯರಿಗೆ ಸಂಬಳ ಕೊಟ್ಟು ನಮ್ಮ ಹುಡುಗ ಹುಡುಗಿಯರಿಗೆ ಕಲಿಸಬೇಕು. ಬಿಕ್ಕೋಡು ಹೋಬಳಿಯಲ್ಲೇ ಅಂಥ ಒಂದು ಶಾಲೆ ತೆರೆಯಲಿ. ಇಲ್ಲಿ ಕೈಗಳಿಗೆ ಬರವಿಲ್ಲ, ಕೆಲಸಕ್ಕೆ ಬರವಿದೆ.

ಇವು ಅತಿಯಾಸೆಯ ಬೇಡಿಕೆಗಳೇ? ಬೇಲೂರಿನ ಗುಡಿಯ ಮುಂದೆ ನಿಂತು ನೋಡಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮೂರ್ತಿಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಒಂಬೈನೂರು ವರ್ಷಗಳ ಹಿಂದೆ ಕೆಲಸಗಾರನ ಹೆಸರಿಗೆ ದೇವರ ಗುಡಿಯಲ್ಲಿ ಜಾಗವಿತ್ತು. ಆದರೆ ಸುಣ್ಣ ಸುಟ್ಟವನ ಹೆಸರು, ಗಾರೆ ಅರೆದವಳ ಹೆಸರು, ಕಲ್ಲು ಹೊತ್ತವನ ಹೆಸರು ಅಂದೂ ಇರಲಿಲ್ಲ, ಇಂದೂ ಇಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಬಕೆಟ್ಟು ಹಿಡಿದು ಕೂತ ಹುಡುಗ ಅವರ ವಂಶದವನು. ಅವನಿಗೆ ಕಲ್ಲಿನಲ್ಲಿ ಹೆಸರು ಬೇಡ, ಹಾಜರಿ ಪುಸ್ತಕದಲ್ಲಿ ಹೆಸರಿರಲಿ, ಶನಿವಾರ ಸಂಜೆ ಕೈಯಲ್ಲಿ ನ್ಯಾಯವಾದ ಕೂಲಿ ಇರಲಿ.

ಆ ಕೂಲಿ ಕೊಟ್ಟು ಬಳಿಸಿದ ಬಣ್ಣ ಊರಿಗೆ ಶೋಭೆ. ಕೊಡದೆ ಬಳಿಸಿದ್ದು ಹಳೆಯ ಬಣ್ಣವಲ್ಲ, ಹಳೆಯ ಬಿಟ್ಟಿ. ಬಣ್ಣದ ಮಾತು ನಿಮ್ಮ ಬೀದಿಗೆ ಬಂದ ದಿನ ಅಂಗಡಿಯ ಬಾಗಿಲು ಒಂದು ಗಳಿಗೆ ಎಳೆದುಕೊಂಡು ಸಭೆಗೆ ಬನ್ನಿ. ಪಾಳಿ ಮುಗಿಸಿದ ಮಿಲ್ಲಿನವರೂ ಬನ್ನಿ. ಈ ಮೂರು ಪ್ರಶ್ನೆಗಳನ್ನು ಎದ್ದು ನಿಂತು ಕೇಳಿ. ಉತ್ತರ ಬರೆದುಕೊಟ್ಟ ಮೇಲೆ ಏಣಿ ಹತ್ತೋಣ, ಕುಂಚ ಹಿಡಿಯೋಣ. ಅಲ್ಲಿಯವರೆಗೆ ಯಾವ ಕಾಗದಕ್ಕೂ ರುಜು ಹಾಕಬೇಡಿ.